ಕಡಲ ತಡಿಯ ಮದುವೆ, ಭೀಮರಾಯನಗುಡಿಯ ಗಲ್ಲಾಪೆಟ್ಟಿಗೆ

ಸಮುದ್ರ ಸೇರಬೇಕಾದ ನೀರನ್ನು ತಡೆದು ಹೊಲಗಳಿಗೆ ತಿರುಗಿಸುವ ಕಾರ್ಯದಿಂದ ಬೆಳೆದ ಊರು ಭೀಮರಾಯನಗುಡಿ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ನೆರವೇರಿಸಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳೂ ವಸತಿಗೃಹಗಳೂ ಇಲ್ಲಿಗೆ ಬಂದವು. ನಾರಾಯಣಪುರದ ಬಸವಸಾಗರದಿಂದ ಕಾಲುವೆಗೆ ನೀರು ಹರಿಯಿತು. ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದು ಅಡತಿ ಅಂಗಡಿ, ಜಿನ್ನಿಂಗ್ ಗಿರಣಿ, ಗೊಬ್ಬರದ ಮಳಿಗೆಗಳು ತಲೆಯೆತ್ತಿದವು. ಹೀಗೆ ನೀರಿನಿಂದ ಹುಟ್ಟಿದ ಹಣವು ಈಗ ಮದುವೆಯ ಹೆಸರಿನಲ್ಲಿ ಸಮುದ್ರದ ಕಡೆಗೆ ಹರಿಯತೊಡಗಿದೆ ಎಂಬುದು ವಿಚಿತ್ರವಾದರೂ ಸತ್ಯ.

ಸ್ಥಿತಿವಂತ ವರ್ತಕ ಕುಟುಂಬಗಳ ಮಾತುಕತೆಯಲ್ಲಿ ಇತ್ತೀಚೆಗೆ ‘ಡೆಸ್ಟಿನೇಷನ್ ವೆಡ್ಡಿಂಗ್’ ಎಂಬ ಪದ ಸಲೀಸಾಗಿ ಬರುತ್ತಿದೆ. ನಾನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ ಗೋವಾದ ಅಥವಾ ಗೋಕರ್ಣದ ಕಡೆಯ ಕಡಲತೀರದಲ್ಲಿ ಮಂಟಪ ಕಟ್ಟಿಸಿ, ನೂರಿನ್ನೂರು ಜನರ ಸಮ್ಮುಖದಲ್ಲಿ ಎರಡು ಮೂರು ದಿನ ಮದುವೆ ನಡೆಸುವುದೇ ಇದರ ಸ್ವರೂಪ. ಅದರಲ್ಲಿಯೂ ‘ರೆಟ್ರೋ’ ಶೈಲಿಗೆ ಬೇಡಿಕೆ ಹೆಚ್ಚು. ಅಂದರೆ ಅಜ್ಜನ ಕಾಲದ ಸೊಗಸು: ಗ್ರಾಮಫೋನಿನ ತಟ್ಟೆ, ಕಪ್ಪುಬಿಳುಪು ಛಾಯಾಚಿತ್ರ, ಅರವತ್ತು ಎಪ್ಪತ್ತರ ದಶಕದ ಚಿತ್ರಗೀತೆ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿನಲ್ಲಿ ವರನ ಆಗಮನ. ಈ ಅಜ್ಜ ಯಾರ ಅಜ್ಜ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಈ ಸೀಮೆಯ ಅಜ್ಜಂದಿರ ಮದುವೆಯಲ್ಲಿ ಇದ್ದದ್ದು ಅಂಗಳದ ಹಂದರ, ಸವಾರಿ ಬಂಡಿ, ಗ್ಯಾಸ್‌ಬತ್ತಿಯ ಬೆಳಕು, ಭಜಂತ್ರಿಯವರ ಶಹನಾಯಿ, ಮುತ್ತುಗದೆಲೆಯ ಪತ್ರಾವಳಿಯ ಮೇಲೆ ಬಿಸಿ ಹುಗ್ಗಿ. ಅಂಬಾಸಿಡರು ಬರುತ್ತಿದ್ದುದು ಇಂಜಿನಿಯರ್ ಸಾಹೇಬರನ್ನು ಕಾಲುವೆಯ ಮೇಲೆ ಇಳಿಸಲಿಕ್ಕೆ.

ಹಳೆಯ ವೈಭವವನ್ನು ಬೇರೆಡೆಗೆ ಒಯ್ದು ಕಟ್ಟಿಸುವ ಹುಚ್ಚಿಗೆ ಕರ್ನಾಟಕದಲ್ಲಿ ದೊಡ್ಡ ನಿದರ್ಶನವಿದೆ. 2016ರ ನವೆಂಬರ್ 16ರಂದು, ಆಗ ಮಾಜಿ ಸಚಿವರಾಗಿದ್ದ ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರ ಪುತ್ರಿಯ ವಿವಾಹವು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಆಮಂತ್ರಣ ಪತ್ರಿಕೆಯಲ್ಲಿ ಎಲ್‌ಸಿಡಿ ಪರದೆ. ಮೈದಾನದಲ್ಲಿ ವಿಜಯನಗರದ ವೈಭವವನ್ನು ನೆನಪಿಸುವ ಸೆಟ್‌ಗಳು. ನಿಜವಾದ ಹಂಪಿ ಬಳ್ಳಾರಿಯಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಅದರ ಪ್ರತಿಕೃತಿ ಎದ್ದದ್ದು ರಾಜಧಾನಿಯಲ್ಲಿ. ವೆಚ್ಚವು ನೂರಾರು ಕೋಟಿ ಎಂದು ಪತ್ರಿಕೆಗಳು ಬರೆದವು. ಮೊತ್ತದ ಚರ್ಚೆ ಇಲ್ಲಿ ಅಪ್ರಸ್ತುತ. ವರ್ತಕರ ನೆನಪಿನಲ್ಲಿ ಉಳಿಯಬೇಕಾದದ್ದು ಆ ದಿನಗಳ ಇನ್ನೊಂದು ಚಿತ್ರ. ಅದಕ್ಕೆ ಎಂಟು ದಿನ ಮುಂಚೆ, ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾಗಿದ್ದವು. ಸಾಮಾನ್ಯ ಕುಟುಂಬಗಳು ಮದುವೆಗಾಗಿ ತಮ್ಮದೇ ಖಾತೆಯಿಂದ 2.5 ಲಕ್ಷ ರೂಪಾಯಿ ತೆಗೆಯಲಿಕ್ಕೆ ಲಗ್ನಪತ್ರಿಕೆ ತೋರಿಸಬೇಕಾಗಿತ್ತು. ಬ್ಯಾಂಕ್ ಖಾತೆಯಿಲ್ಲದ ಯಾರಿಗೆ ಎಷ್ಟು ನಗದು ಕೊಡಲಾಗುವುದೆಂಬ ಪಟ್ಟಿಯನ್ನು ಬ್ಯಾಂಕಿಗೆ ಒಪ್ಪಿಸಬೇಕಾಗಿತ್ತು. ಭಜಂತ್ರಿಯವರು, ಹೂಗಾರರು, ಅಡುಗೆಯವರು, ಹಂದರ ಹಾಕುವವರು, ಬಳೆಗಾರರು. ಒಂದು ಮದುವೆಯ ಹಣ ಎಷ್ಟು ಮನೆಗಳಿಗೆ ಹೋಗುತ್ತದೆಂಬುದನ್ನು ಅಂದಿನ ಆ ಪಟ್ಟಿಗಳಷ್ಟು ಸ್ಪಷ್ಟವಾಗಿ ಯಾವ ಅರ್ಥಶಾಸ್ತ್ರದ ಗ್ರಂಥವೂ ತೋರಿಸಲಾರದು.

ಕಡಲತೀರದ ಮದುವೆಯ ಪರವಾಗಿರುವವರ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ‘ಊರಲ್ಲಿ ಮಾಡಿದರೆ ಮೂರು ಸಾವಿರ ಜನಕ್ಕೆ ಊಟ ಹಾಕಬೇಕು, ಒಬ್ಬರನ್ನು ಬಿಟ್ಟರೆ ಜನ್ಮದ ಮುನಿಸು; ದೂರ ಹೋದರೆ ನೂರಿಪ್ಪತ್ತು ಜನರಲ್ಲಿ ಮುಗಿಯುತ್ತದೆ’ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಉದಾಹರಣೆಗೆ 120 ಅತಿಥಿಗಳು, 60 ಕೊಠಡಿ, ಎರಡು ರಾತ್ರಿ, ಕೊಠಡಿಗೆ ದಿನಕ್ಕೆ 9,000 ರೂಪಾಯಿ ಎಂದು ಇಟ್ಟುಕೊಂಡರೆ 10.80 ಲಕ್ಷ. ತಲೆಗೆ ಐದು ಹೊತ್ತಿನ ಊಟ, ಹೊತ್ತಿಗೆ 1,200 ರೂಪಾಯಿಯಂತೆ 7.20 ಲಕ್ಷ. ಹಳೆಯ ಕಾರು, ಮಂಟಪ, ದೀಪ, ಸಂಗೀತ, ಛಾಯಾಗ್ರಹಣ, ವ್ಯವಸ್ಥಾಪಕರ ಶುಲ್ಕ ಎಲ್ಲ ಸೇರಿ 8 ಲಕ್ಷ. ಒಟ್ಟು 26 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಬಂದ ದರದಂತೆ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ. ಅಂಥ ಹೋಟೆಲಿನೊಳಗಿನ ಊಟಕ್ಕೂ, ಸಮಾರಂಭದ ವ್ಯವಸ್ಥೆಗೂ ಶೇ 18. ತೆರಿಗೆಯೇ 4.68 ಲಕ್ಷವಾಗಿ ಬಿಲ್ಲು 30.68 ಲಕ್ಷಕ್ಕೆ ಮುಟ್ಟುತ್ತದೆ. ತಲೆಗೆ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು. ಇದೇ ಊರಲ್ಲಿ 2,500 ಜನರಿಗೆ ಎಲೆಗೆ 150 ರೂಪಾಯಿಯಂತೆ ಊಟ ಹಾಕಿದರೆ 3.75 ಲಕ್ಷ. ಸೀರೆ, ಬಂಗಾರದ ವೆಚ್ಚ ಎರಡು ಕಡೆಯೂ ಒಂದೇ. ಎಲೆಯ ಸಂಖ್ಯೆ ಕಡಿಮೆಯಾಯಿತೇ ಹೊರತು ಖರ್ಚು ಕಡಿಮೆಯಾಗಲಿಲ್ಲ.

ತೆರಿಗೆಯ ವಿಷಯದಲ್ಲಿ ಬಹುಮಂದಿ ಗಮನಿಸದ ಅಂಶವೊಂದಿದೆ. ಸಮಗ್ರ ಜಿಎಸ್‌ಟಿ ಕಾಯ್ದೆಯ 12ನೆಯ ಕಲಮಿನಂತೆ, ಮದುವೆಗಾಗಿ ಪಡೆದ ವಸತಿ ಮತ್ತು ಸ್ಥಳದ ಸೇವೆಗೆ ಆ ಕಟ್ಟಡವಿರುವ ಊರೇ ಪೂರೈಕೆಯ ಸ್ಥಳ. ಊಟದ ಸೇವೆಗೆ ಊಟ ಬಡಿಸಿದ ಊರು. ಆದಕಾರಣ ಶಹಾಪುರದ ವರ್ತಕನು ಗೋವಾದಲ್ಲಿ ಮದುವೆ ಮಾಡಿದರೆ ರಾಜ್ಯದ ಪಾಲಿನ ತೆರಿಗೆ ಗೋವಾಕ್ಕೆ ಸಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ ಅದು 2.34 ಲಕ್ಷ. ಸಮುದ್ರವೇ ಬೇಕೆಂದಿದ್ದರೆ ಕಾರವಾರದಿಂದ ಉಳ್ಳಾಲದವರೆಗೆ ಕರ್ನಾಟಕಕ್ಕೂ ಸಮುದ್ರವಿದೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ತೀರಗಳಿಗೆ 2020ರಲ್ಲಿಯೇ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತಿತ್ತು.

ಇನ್ನು ಬಿಲ್ಲನ್ನು ಗಿರಣಿಯ ಹೆಸರಿಗೆ ಬರೆಸಿ ‘ವ್ಯಾಪಾರ ಪ್ರಚಾರ ವೆಚ್ಚ’ ಎಂದು ತೋರಿಸುವ ಜಾಣತನ. ಸ್ವಂತ ಬಳಕೆಯ ಸೇವೆಗೆ ಹೂಡುವಳಿ ತೆರಿಗೆಯ ಜಮೆ ಸಿಗದು. ಆದಾಯ ತೆರಿಗೆಯಲ್ಲಿಯೂ ಖಾಸಗಿ ಖರ್ಚು ವ್ಯಾಪಾರದ ಖರ್ಚಾಗದು. ಅದು ಮಾಲೀಕನ ಡ್ರಾಯಿಂಗ್ಸ್. ಬಂಡವಾಳ ಖಾತೆಗೆ ಖರ್ಚು ಬೀಳಬೇಕು. ‘ಅರ್ಧ ಬಿಲ್ಲು, ಅರ್ಧ ನಗದು’ ಎಂಬ ಒಪ್ಪಂದವಂತೂ ಇಬ್ಬರಿಗೂ ಉರುಳು. 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಗೆ ಸೇರಿದ 269ಎಸ್‌ಟಿ ಕಲಮು, ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬ ವ್ಯಕ್ತಿಯಿಂದ 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಸ್ವೀಕರಿಸುವುದನ್ನು ನಿಷೇಧಿಸಿತು; 2025ರ ಹೊಸ ಕಾಯ್ದೆಯೂ ಈ ನಿಯಮದ ಸಾರವನ್ನು ಉಳಿಸಿಕೊಂಡಿದೆ. ಬೇರೆ ಬೇರೆ ದಿನ ಸ್ವಲ್ಪ ಸ್ವಲ್ಪ ಕೊಟ್ಟರೂ ಸಮಾರಂಭ ಒಂದೇ ಆದುದರಿಂದ ಪಾರಾಗಲಾಗದು. ಪಡೆದವನಿಗೆ ಪಡೆದಷ್ಟೇ ದಂಡ. ಕೊಟ್ಟವನು ಮೂಲ ತೋರಿಸಲಾಗದಿದ್ದರೆ ಆ ಖರ್ಚೇ ಅವನ ಆದಾಯವೆನಿಸುತ್ತದೆ. ಮದುವೆಯ ಛಾಯಾಚಿತ್ರಗಳನ್ನು ಇಡೀ ಜಗತ್ತಿಗೆ ತೋರಿಸಿ, ಖರ್ಚನ್ನು ಮಾತ್ರ ಮುಚ್ಚಿಡುವುದು ಕಷ್ಟ.

ಎಲ್ಲಕ್ಕಿಂತ ಗಂಭೀರವಾದದ್ದು ಕಾಲದ ಪ್ರಶ್ನೆ. ಹಿಂದಿನವರು ರಾಶಿ ಮುಗಿದು, ಮಾಲು ಮಾರಿ, ಬಾಕಿ ವಸೂಲಾದ ಮೇಲೆ ಬೇಸಿಗೆಯಲ್ಲಿ ಲಗ್ನ ಇಡುತ್ತಿದ್ದರು. ಕಡಲತೀರದ ಮದುವೆಗೆ ಬೇಸಿಗೆ ಒಗ್ಗದು: ಮೇ ತಿಂಗಳ ಸೆಕೆ, ಜೂನಿನಿಂದ ಮಳೆ. ಅದಕ್ಕೆ ಹಿತವಾದ ಕಾಲ ನವೆಂಬರಿನಿಂದ ಫೆಬ್ರುವರಿ. ಹತ್ತಿ ಗಿರಣಿಗೆ ಬರುವುದೂ ತೊಗರಿ ಮಾರುಕಟ್ಟೆಗೆ ಬರುವುದೂ ಅದೇ ನಾಲ್ಕು ತಿಂಗಳಲ್ಲಿ. ರೈತನಿಗೆ ಕೈಗೆ ಕೈ ಹಣ ಕೊಡಬೇಕಾದ ಹೊತ್ತಿನಲ್ಲಿ ಮೂವತ್ತು ಲಕ್ಷ ಹೊರಗೆ ಹೋದರೆ ಕೊರತೆ ತುಂಬುವುದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ. ಆ ಖಾತೆ ಕೊಟ್ಟಿರುವುದು ದಾಸ್ತಾನು ಮತ್ತು ಬಾಕಿ ವಸೂಲಿಯ ಆಧಾರದ ಮೇಲೆ. ಮಾಲಾಗದ ಹಣಕ್ಕೆ ಮುಂದಿನ ತಿಂಗಳ ದಾಸ್ತಾನು ಪಟ್ಟಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಹಣ ತೆಗೆಯುವ ಮಿತಿ ಇಳಿಯುತ್ತದೆ. ಖಾತೆ ತೊಂಬತ್ತು ದಿನ ಸತತ ಮಿತಿ ಮೀರಿ ನಿಂತರೆ ಅನುತ್ಪಾದಕ ಸಾಲದ ಮುದ್ರೆ ಬೀಳುತ್ತದೆ. ಶೇ 11ರ ಬಡ್ಡಿಯಂತೆ ವರ್ಷಕ್ಕೆ 3.37 ಲಕ್ಷ. ಅದೇ ಮೂವತ್ತು ಲಕ್ಷವು ಹಂಗಾಮಿನಲ್ಲಿ ನಾಲ್ಕು ಸಲ ತಿರುಗಿ ಶೇ 2 ಉಳಿಸಿದ್ದರೂ 2.40 ಲಕ್ಷ ದುಡಿಯುತ್ತಿತ್ತು. ಈ ಎರಡು ಮೊತ್ತಗಳು ಯಾವ ವ್ಯವಸ್ಥಾಪಕನ ಅಂದಾಜು ಪಟ್ಟಿಯಲ್ಲೂ ಇರುವುದಿಲ್ಲ.

ಮತ್ತೊಂದು ಲೆಕ್ಕಪುಸ್ತಕವನ್ನೂ ಮರೆಯುವಂತಿಲ್ಲ: ಮುಯ್ಯಿಯ ವಹಿ. ಹಂದರದ ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು ಯಾರು ಎಷ್ಟು ಕೊಟ್ಟರು, ಯಾರು ಯಾವ ಆಯೇರಿ ಮಾಡಿದರು ಎಂದು ಬರೆದಿಡುವ ಆ ಪುಸ್ತಕ ಬರಿಯ ಶಿಷ್ಟಾಚಾರವಲ್ಲ. ಬಡ್ಡಿಯಿಲ್ಲದ, ಜಾಮೀನಿಲ್ಲದ, ತಲೆಮಾರಿನವರೆಗೆ ಸುತ್ತುವ ಪರಸ್ಪರ ನಿಧಿ ಅದು. ಒಬ್ಬನ ಮನೆಯ ಕಾರ್ಯಕ್ಕೆ ನೂರು ಮನೆಯವರು ಕೈಜೋಡಿಸುತ್ತಾರೆ. ಅವನು ನೂರು ಕಾರ್ಯಗಳಲ್ಲಿ ಹಿಂದಿರುಗಿಸುತ್ತಾನೆ. ಮೂರು ದಶಕ ಊರವರ ಮದುವೆಗಳಲ್ಲಿ ಮುಯ್ಯಿ ಹಾಕಿದ ವರ್ತಕನು ತನ್ನ ಮಗಳ ಮದುವೆಯನ್ನು ಸಮುದ್ರದ ದಡದಲ್ಲಿ ಮುಗಿಸಿದರೆ, ಬರಬೇಕಾದ ಬಾಕಿಯನ್ನೆಲ್ಲ ತಾನಾಗಿಯೇ ಮನ್ನಾ ಮಾಡಿದಂತೆ. ಮುಂದಿನ ಲಗ್ನಗಳಿಗೆ ಕೊಡಬೇಕಾದದ್ದು ಮಾತ್ರ ತಪ್ಪುವುದಿಲ್ಲ. ಉದ್ರಿ ಕೊಟ್ಟು ತೆಗೆದುಕೊಳ್ಳುವ ಪೇಟೆಯಲ್ಲಿ ಹಂದರದ ಕೆಳಗಿನ ಪರಿಚಯಕ್ಕೆ ಬೆಲೆ ಕಟ್ಟಲಾಗದು.

2023ರ ನವೆಂಬರ್ 26ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ವಿದೇಶದಲ್ಲಿ ಮದುವೆ ಮಾಡುವ ರೂಢಿಯನ್ನು ಪ್ರಸ್ತಾಪಿಸಿ, ದೇಶದ ನೆಲದಲ್ಲಿಯೇ ಮಾಡಿದರೆ ಹಣ ದೇಶದಲ್ಲಿಯೇ ಉಳಿಯುತ್ತದೆಂಬ ಅರ್ಥದ ಮಾತನ್ನಾಡಿದ್ದರು. ದೇಶಕ್ಕೆ ಸಲ್ಲುವ ಆ ತರ್ಕ ತಾಲ್ಲೂಕಿಗೂ ಸಲ್ಲುತ್ತದೆ. ಮದುವೆಯ ಬಸ್ತಾ ಕಟ್ಟುವ ಶಹಾಪುರದ ಜವಳಿ ಅಂಗಡಿ, ಸುರಪುರದ ಅಕ್ಕಸಾಲಿಗ, ಭೀಮರಾಯನಗುಡಿಯ ಕಿರಾಣಿ ವ್ಯಾಪಾರಿ ಇವರೆಲ್ಲ ಅದೇ ಗಿರಣಿ ಮಾಲೀಕನ ಗಿರಾಕಿಗಳೋ ನೆರೆಯವರೋ ಆಗಿರುತ್ತಾರೆ.

ಆದರೆ ದೂರ ಹೋಗುವವರನ್ನು ದೂರಿ ಫಲವಿಲ್ಲ. ಹೊರಗಿನಿಂದ ಬಂದ ಬೀಗರನ್ನು ಇಳಿಸಲು ಅಚ್ಚುಕಟ್ಟಾದ ಕೊಠಡಿಗಳು, ಶುಚಿಯಾದ ಶೌಚಾಲಯ, ಕರೆಂಟು ಹೋದರೆ ಮರುಕ್ಷಣ ಹೊತ್ತುವ ಜನರೇಟರ್, ಕಾರು ನಿಲ್ಲಿಸುವ ಜಾಗ ಇವು ಒಂದೇ ಆವರಣದಲ್ಲಿ ಸಿಗುವ ಕಲ್ಯಾಣಮಂಟಪ ಈ ಮೂರು ಊರುಗಳಿಗೆ ಬೇಕಾಗಿದೆ. ಹಳೆಯ ಕಾಲದ ಸೊಬಗನ್ನು ಬಾಡಿಗೆಗೆ ತರುವ ಅಗತ್ಯವೇ ಇಲ್ಲ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲಿದೆ; ಸುರಪುರದಲ್ಲಿ ನಾಯಕ ಅರಸರ ಅರಮನೆಯ ನೆನಪೂ, ಮೆಡೋಸ್ ಟೇಲರನ ಬಂಗಲೆಯಾದ ಟೇಲರ್ ಮಂಜಿಲ್ ಕೂಡ ಇವೆ; ಸುರಪುರ ಶೈಲಿಯ ಚಿತ್ರಕಲೆಯಿದೆ. ನಾಲ್ಕಾರು ವರ್ತಕರು ಪಾಲುದಾರಿಕೆಯಲ್ಲಿ ಇಂಥ ಮಂಟಪವನ್ನು ಕಟ್ಟಿದರೆ ಅದು ಉದ್ಯಮವೇ ಆಗುತ್ತದೆ. ನಲವತ್ತು ಕೊಠಡಿಗಳ ಬಾಡಿಗೆಯನ್ನು 7,500 ರೂಪಾಯಿಯ ಒಳಗೆ ಇಟ್ಟರೆ ಕೊಠಡಿಯ ತೆರಿಗೆಯೂ ಶೇ 5ರಲ್ಲಿ ಮುಗಿಯುತ್ತದೆ.

ಅಲ್ಲಿಯವರೆಗೆ ಕಡಲತೀರಕ್ಕೇ ಹೊರಟ ಕುಟುಂಬಗಳು ಮುಂಗಡ ಕೊಡುವ ಮುನ್ನ ಎರಡು ಕೆಲಸ ಮಾಡಬಹುದು. ಮದುವೆಯ ಹಣವನ್ನು ಮೂರು ನಾಲ್ಕು ವರ್ಷ ಮುಂಚಿನಿಂದ ಬೇರೆ ಠೇವಣಿಯಾಗಿ ಕೂಡಿಟ್ಟು ಕ್ಯಾಶ್ ಕ್ರೆಡಿಟ್ ಖಾತೆಯನ್ನು ಮುಟ್ಟದಿರುವುದು ಒಂದು. ಲಗ್ನದ ದಿನಾಂಕ ಗೊತ್ತುಮಾಡುವಾಗ ಪಂಚಾಂಗದ ಪಕ್ಕದಲ್ಲಿ ಗಿರಣಿಯ ಖರೀದಿ ವಹಿಯನ್ನೂ ಬಿಚ್ಚಿಟ್ಟುಕೊಳ್ಳುವುದು ಇನ್ನೊಂದು.