ಹರೆಯದಲ್ಲೇ ತಂದೆಯಾದ ನಟ

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಸರಿಯಲ್ಲಿ ಕಲಸಿದ ಮರದ ಹೊಟ್ಟನ್ನು ಮೆತ್ತಿ, ಬಣ್ಣವಿಟ್ಟು ಬೊಂಬೆಗಳನ್ನು ಮಾಡುತ್ತಾರೆ. ಗರುಡನೆಂದರೆ ಆ ಮೂಗು, ಆ ರೆಕ್ಕೆ; ಕೊಳ್ಳಬಂದವರು ಬೇರೊಂದು ಬಗೆಯ ಗರುಡನನ್ನು ಕೇಳುವುದಿಲ್ಲ. ಬೊಂಬೆಗೆ ಅದರಿಂದ ದುಃಖವಿಲ್ಲ. ಬದುಕಿರುವ ನಟನನ್ನು ಹೀಗೆ ಒಂದೇ ವೇಷದಲ್ಲಿ ನಿಲ್ಲಿಸಿದರೆ?

ಹಿಂದಿಯ ಜಗದೀಶ ರಾಜ್ 144 ಚಿತ್ರಗಳಲ್ಲಿ ಪೋಲೀಸ್ ಅಧಿಕಾರಿಯಾದರು. ಕನ್ನಡದ ಕೆ. ಎಸ್. ಅಶ್ವಥ್ ಅವರಿಗೆ ದೊರೆತ ಸಮವಸ್ತ್ರ ಖಾಕಿಯದಲ್ಲ; ಪಂಚೆ, ಕೋಟು, ನರೆತ ಕೂದಲು. ಮೈಸೂರಿನಲ್ಲಿ 1925ರಲ್ಲಿ ಹುಟ್ಟಿ, ರಂಗಭೂಮಿಯಲ್ಲಿ ಪಳಗಿ, 1955ರ ‘ಸ್ತ್ರೀರತ್ನ’ದಿಂದ ಅವರು ಚಿತ್ರರಂಗಕ್ಕೆ ಬಂದರು. ಪೌರಾಣಿಕ ಚಿತ್ರಗಳಲ್ಲಿ ನಾರದರಾದರು. ಆಮೇಲೆ ತಂದೆಯಾದರು, ಆದವರು ತಂದೆಯಾಗಿಯೇ ಉಳಿದರು. ರಾಜಕುಮಾರರು ಇವರಿಗಿಂತ ಕೇವಲ ನಾಲ್ಕು ವರ್ಷ ಚಿಕ್ಕವರು. ಆದರೂ ತೆರೆಯ ಮೇಲೆ ಇವರು ಅಪ್ಪ, ಅವರು ಮಗ! ನೋಡುವವರಿಗೆ ಅದು ಅಸಹಜವೆನಿಸಲಿಲ್ಲ ಎಂಬುದೇ ನಟನ ಗೆಲುವು. ಅವರ ಸೆರೆಯೂ ಅದೇ. ಮುಪ್ಪನ್ನು ಅಷ್ಟು ಚೆನ್ನಾಗಿ ಅಭಿನಯಿಸಬಲ್ಲವರಿಗೆ ಹರೆಯದ ಪಾತ್ರವನ್ನು ಯಾವ ನಿರ್ಮಾಪಕ ತಾನೇ ಕೊಟ್ಟಾನು?

ಈ ಅಚ್ಚನ್ನು ಒಡೆಯದೆಯೇ ಅದರೊಳಗಿನ ಬಿರುಕನ್ನು ಕಂಡವರು ಪುಟ್ಟಣ್ಣ ಕಣಗಾಲರು. 1972ರಲ್ಲಿ, ತ. ರಾ. ಸು. ಅವರ ಕಾದಂಬರಿಗಳನ್ನಾಧರಿಸಿದ ‘ನಾಗರಹಾವು’ ಚಿತ್ರದಲ್ಲಿ ಅಶ್ವಥ್ ಚಾಮಯ್ಯ ಮೇಷ್ಟ್ರು. ಮಕ್ಕಳಿಲ್ಲದ ಮೇಷ್ಟ್ರಿಗೆ ರಾಮಾಚಾರಿಯೇ ಮಗ. ಮೊದಲ ನೋಟಕ್ಕೆ ಇವರು ಹಳೆಯ ಅಶ್ವಥ್‌ರೇ: ಅದೇ ಮೃದು ದನಿ, ಅದೇ ವಾತ್ಸಲ್ಯ. ಆ ವಾತ್ಸಲ್ಯದ ಬಲದಿಂದಲೇ ಅವರು ಶಿಷ್ಯನಿಂದ ಪ್ರೇಮತ್ಯಾಗದ ಮಾತನ್ನು ಪಡೆಯುತ್ತಾರೆ. ಗುರುವಿಗಾಗಿ ಹುಡುಗ ಒಪ್ಪುತ್ತಾನೆ. ಅಲಮೇಲುವಿನ ಬಾಳು ಹಾಳಾಗುತ್ತದೆ. ಗದರಿಸುವ ಹಿರಿಯನಾಗಿದ್ದರೆ ರಾಮಾಚಾರಿ ಸಿಡಿದೇಳುತ್ತಿದ್ದ. ಬೇಡಿಕೊಳ್ಳುವ ಹಿರಿಯನೆದುರು ಅವನು ನಿರಾಯುಧ. ಎಷ್ಟು ಮನೆಗಳಲ್ಲಿ ಮಕ್ಕಳ ಮದುವೆಗಳು ಹೀಗೆಯೇ ನಿಶ್ಚಯವಾಗಿಲ್ಲ!

ಮಾರ್ಗರೆಟ್ ಬಂದಾಗ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಆದರೆ ಈ ಸಲ ಶಿಷ್ಯ ಲೆಕ್ಕ ಕೇಳುತ್ತಾನೆ. ಚಿತ್ರದುರ್ಗದ ಬೆಟ್ಟದ ಮೇಲಿನ ಆ ಕೊನೆಯ ದೃಶ್ಯದಲ್ಲಿ ಅಶ್ವಥ್ ತಮ್ಮ ಪಾತ್ರದ ಪರವಾಗಿ ವಾದಿಸುವುದಿಲ್ಲ, ಪ್ರೇಕ್ಷಕರ ಕರುಣೆಯನ್ನೂ ಬೇಡುವುದಿಲ್ಲ. ತಾನು ಮಾಡಿದ ಒಳಿತು ಒಳಿತಾಗಿರಲಿಲ್ಲವೆಂಬ ಮಾತನ್ನು ಕೇಳಲಾರದ ಮುದುಕನ ಸಿಟ್ಟು, ಅದರ ಹಿಂದಿನ ಹೆದರಿಕೆ, ಎರಡೂ ಒಂದೇ ಮುಖದಲ್ಲಿ ಕಾಣುತ್ತವೆ. ಅನಂತರ ಆ ಪತನ. ಹದಿನೇಳು ವರ್ಷ ಒಳ್ಳೆಯವರಾಗಿ ನಟಿಸಿದ್ದ ಇನ್ನೊಬ್ಬರಿಲ್ಲದಿದ್ದರೆ ಈ ಪೆಟ್ಟು ಇಷ್ಟು ಆಳಕ್ಕೆ ತಾಗುತ್ತಿತ್ತೇ ಎಂಬುದು ಸಂದೇಹ.

ಆಗ ಅವರಿಗೆ ನಲವತ್ತೇಳು. ಶಿಷ್ಯನಾಗಿದ್ದ ವಿಷ್ಣುವರ್ಧನರಿಗೆ ಇಪ್ಪತ್ತೆರಡು. ಆಮೇಲೆಯೂ ತಂದೆಯ ಪಾತ್ರಗಳು ಸಾಲುಸಾಲಾಗಿ ಬಂದವು. ಹೆಚ್ಚಿನವು ಹಳೆಯ ಗರುಡನವೇ. 2010ರ ಜನವರಿ 18ರಂದು ಅಶ್ವಥ್ ಮೈಸೂರಿನಲ್ಲಿ ತೀರಿಕೊಂಡರು. ಜನ ಅವರನ್ನು ನೆನೆದದ್ದು ಚಾಮಯ್ಯ ಮೇಷ್ಟ್ರೆಂದೇ.