ಸಪತ್ನೀಕ ಸಂಚಾರ

ಯಾತ್ರೆಗೆ ಹೊರಡುವವರು ದಂಪತಿಗಳಾಗಿ ಹೊರಡಬೇಕೆಂಬುದು ನಮ್ಮ ಹಿರಿಯರ ನಡೆಯಾಗಿದ್ದರೂ, ಕಾಶಿ ರಾಮೇಶ್ವರಗಳನ್ನು ಪತಿಯೊಡನೆ ಕಂಡುಬಂದ ಆ ಗೃಹಿಣಿಯರು ದಾರಿಯಲ್ಲಿ ಏನನ್ನು ನೋಡಿದರು, ಯಾವ ಊರಿನ ಯಾರ ಜಗಲಿಯಲ್ಲಿ ಕುಳಿತು ಏನನ್ನು ಕೇಳಿ ತಿಳಿದರು ಎಂಬುದು ನಮ್ಮ ಪ್ರವಾಸಸಾಹಿತ್ಯದಲ್ಲಿ ಬಹುಮಟ್ಟಿಗೆ ಲಿಖಿತವಾಗದೆ ಉಳಿದಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಂತಹ ಗ್ರಂಥಗಳಿಂದ ದೇಶವನ್ನು ಕಾಣುವ ರಸಿಕದೃಷ್ಟಿಯೊಂದು ಕನ್ನಡಕ್ಕೆ ಲಭಿಸಿತು, ನಿಜ. ಆದರೆ ಒಂದೇ ದಾರಿಯನ್ನು ಕೂಡಿ ನಡೆದ ಇಬ್ಬರಲ್ಲಿ ಒಬ್ಬರ ಕಾಣ್ಕೆ ಮಾತ್ರವೇ ಅಚ್ಚಾಗುತ್ತ ಬಂದುದು ದೊಡ್ಡ ನಷ್ಟವೆಂದೇ ನಾನು ಬಗೆದಿದ್ದೇನೆ.

ಈ ಭಾವನೆ ನನ್ನಲ್ಲಿ ದೃಢವಾದದ್ದು ಶಿವಮೊಗ್ಗೆಯ ನಮ್ಮ ಮನೆಯಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಲ್ಲಿ. ಅದು ನನ್ನಾಕೆಯ ತವರು. ಮಲೆನಾಡಿನ ಸೌದೆಯನ್ನು ಇದ್ದಿಲಾಗಿಸಿ, ಕೆಮ್ಮಣ್ಣುಗುಂಡಿಯ ಅದಿರನ್ನು ತೂಗುತೊಟ್ಟಿಲುಗಳಲ್ಲಿ ಬೆಟ್ಟದಿಂದ ಇಳಿಸಿ, ವಿಶ್ವೇಶ್ವರಯ್ಯನವರ ದೀರ್ಘದರ್ಶಿತ್ವದ ಫಲವಾಗಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯ ಚರಿತ್ರೆಯನ್ನು ನಾನು ಓದಿ ಬಲ್ಲೆ; ಅದು ಒಂದು ಮನೆಯ ಒಳಗಿನಿಂದ ಹೇಗಿದ್ದಿತೆಂಬುದನ್ನು ತೋರಿದವಳು ಆಕೆ. ನ್ಯೂಟೌನಿನ ಕ್ವಾರ್ಟರ್ಸಿನ ಬೀದಿಯಲ್ಲಿ ನಡೆಯುತ್ತಿದ್ದವಳು ಒಂದು ಗೇಟಿನ ಮುಂದೆ ನಿಂತು, ತಂದೆ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದಾಗ ಮಕ್ಕಳೆಲ್ಲ ಪಿಸುದನಿಯಲ್ಲಿ ಆಡುತ್ತಿದ್ದುದನ್ನೂ, ತಾಯಿ ರುಬ್ಬುವ ಕೆಲಸವನ್ನು ಅವರು ಎದ್ದ ಮೇಲೆಯೇ ಆರಂಭಿಸುತ್ತಿದ್ದುದನ್ನೂ ಹೇಳಿದಳು. “ಪಾಳಿ ಬದಲಾದ ವಾರ ನಮ್ಮನೆ ಊಟದ ಹೊತ್ತೂ ಬದಲಾಗ್ತಿತ್ತು ನೋಡಿ” ಎಂದಳು. ಅಷ್ಟರಲ್ಲಿ ಒಳಗಿನಿಂದ ಬಂದ ಅಪರಿಚಿತ ಗೃಹಿಣಿ ಇಬ್ಬರನ್ನೂ ಕರೆದು ಕೂರಿಸಿ ಕಾಫಿ ಕೊಟ್ಟರು. ಒಂಟಿ ಗಂಡಸಾಗಿ ಅದೇ ಗೇಟಿನ ಬಳಿ ನಿಂತಿದ್ದರೆ ‘ಯಾರು ಬೇಕಾಗಿತ್ತು?’ ಎಂಬ ಪ್ರಶ್ನೆಯಿಂದಾಚೆಗೆ ನನಗೆ ಪ್ರವೇಶವಿರುತ್ತಿರಲಿಲ್ಲ. ಭಾರತದ ಯಾವ ಮೂಲೆಗೆ ಹೋದರೂ ಇದೇ ಅನುಭವ: ದೇವಾಲಯದ ಬಾಗಿಲು ಎಲ್ಲರಿಗೂ ತೆರೆದೀತು, ಅಡುಗೆಮನೆಯ ಬಾಗಿಲು ತೆರೆಯುವುದು ಪತ್ನಿಯೊಡನೆ ಬಂದವನಿಗೆ.

ಅದೇ ದಿನ, ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋದೆವು. ಹೊಯ್ಸಳರ ಕಾಲದ, 13ನೆಯ ಶತಮಾನದ ಆ ತ್ರಿಕೂಟದ ವಿನ್ಯಾಸದಲ್ಲಿ ನಾನು ಮಗ್ನನಾಗಿದ್ದ ಹೊತ್ತಿನಲ್ಲಿ ಆಕೆ ಗೋಡೆಯ ಸ್ತ್ರೀವಿಗ್ರಹವೊಂದರ ತೋಳಿನ ಆಭರಣವನ್ನು ದಿಟ್ಟಿಸಿ, ಇಂಥದೇ ವಂಕಿ ತನ್ನಜ್ಜಿಯ ಬಳಿ ಇತ್ತೆಂದಳು. ಶಿಲ್ಪಶಾಸ್ತ್ರದ ಪರಿಭಾಷೆಯೊಳಗೆ ಎಂದೂ ಕಾಣದಿದ್ದ ಬಂಧುತ್ವವೊಂದು ಆ ಕಲ್ಲಿನೊಡನೆ ನನಗಾಗ ಉಂಟಾಯಿತು.

ಇಕ್ಕೇರಿ, ಬಳ್ಳಿಗಾವಿ, ಹಂಪೆ, ಕೋನಾರ್ಕ, ಪುರಿ ಎಂದು ಮುಂದೆ ನಾವು ತಿರುಗಿದ ಊರುಗಳ ವರ್ಣನೆ ನನ್ನ ಬರಹಗಳಲ್ಲಿದೆ. ಆಕೆಯ ದಿನವಹಿ ಲೆಕ್ಕದ ಪುಸ್ತಕದಲ್ಲಿಯಾದರೋ, ಬಸ್ಸಿನ ದರ ಅಕ್ಕಿಯ ಬೆಲೆಗಳ ನಡುವೆ, ಪುರಿಯಲ್ಲಿ ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಏರಿಸಿ ಮಹಾಪ್ರಸಾದವನ್ನು ಬೇಯಿಸುವ ಕ್ರಮವೂ, ಅದನ್ನು ತಿಳಿಸಿದ ಮುದುಕಿಗೆ ಎಷ್ಟು ಮಂದಿ ಮೊಮ್ಮಕ್ಕಳೆಂಬುದೂ ದಾಖಲಾಗಿವೆ. ಯಾವುದು ದೇಶದರ್ಶನ? ಎರಡೂ ಅಹುದೆಂದೇ ನನ್ನ ಉತ್ತರ.

ಕನ್ನಡದ ಎಷ್ಟೋ ಪತ್ರಿಕೆಗಳಿಗೆ ಕಾಗದವನ್ನೊದಗಿಸಿದ, 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಈಗ ಕೆಲವು ವರ್ಷಗಳಿಂದ ಉತ್ಪಾದನೆ ನಿಂತಿದೆ. ಪತ್ರಿಕೆಯನ್ನೇ ಉಸಿರಾಗಿಸಿಕೊಂಡ ನಾನು ಪೇಪರ್ ಟೌನಿನ ಬೀದಿಯಲ್ಲಿ ಆ ಉದ್ಯಮದ ಗತಿಯನ್ನು ನೆನೆದು ವ್ಯಥೆಪಡುತ್ತಿರಲಾಗಿ, ಆಕೆ ಬೀಗ ಬಿದ್ದ ಮನೆಗಳ ಸಾಲನ್ನು ನೋಡಿ, “ಈ ಮನೆ ಹೆಂಗಸರೆಲ್ಲ ಈಗ ಎಲ್ಲಿದಾರೋ?” ಎಂದಳು. ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ, ಪತ್ರಿಕೆಗಳಲ್ಲಿಯೂ ಓದಿರಲಿಲ್ಲ.

ಆದಕಾರಣ, ಇನ್ನು ಮುಂದೆ ನಮ್ಮ ಪತ್ರಿಕೆಗೆ ಪ್ರವಾಸಲೇಖನಗಳನ್ನು ಕಳುಹಿಸುವ ಮಹನೀಯರಲ್ಲಿ ಒಂದು ವಿಜ್ಞಾಪನೆ: ಪತ್ನೀಸಮೇತರಾಗಿ ಹೋಗಿದ್ದಲ್ಲಿ ಆಕೆಯ ಬರಹವನ್ನೂ, ತಿದ್ದದೆ, ಆಕೆಯ ಹೆಸರಿನಲ್ಲಿಯೇ ಕಳುಹಿಸಬೇಕು. ಎರಡು ಬರಹಗಳೂ ಒಂದನ್ನೊಂದು ಒಪ್ಪಬೇಕಾದುದಿಲ್ಲ. ಖರ್ಚಿನ ಪಟ್ಟಿಯಿದ್ದರೆ ಅದೂ ಇರಲಿ. ಅಕ್ಕಪಕ್ಕದ ಪುಟಗಳಲ್ಲಿ ಅಚ್ಚು ಹಾಕಿಸುತ್ತೇವೆ.