ಸೂಜಿ ಹಾರಿದ ರೆಕಾರ್ಡು

ಹಳೆಯ ಎಲ್‌ಪಿ ರೆಕಾರ್ಡಿನ ನಾದ ಮರುಮುದ್ರಣಕ್ಕಿಲ್ಲ ಎನ್ನುತ್ತಾರೆ ರಸಿಕರು. ಬರಿಯ ಹಳೆಯದರ ಮೋಹವೇ? ಲೆಡ್ ಜೆಪೆಲಿನ್ ತಂಡದ ಎರಡನೆಯ ಆಲ್ಬಂ (1969) ನೋಡಿ. (ಗದ್ದಲದ ಸಂಗೀತವೇ, ಪೋಷಕರು ಕ್ಷಮಿಸಲಿ.) ಅಮೆರಿಕದಲ್ಲಿ ಅದರ ಮೊದಲ ಅಚ್ಚಿಗೆ ಗೀರು ಕೊರೆದವರು ರಾಬರ್ಟ್ ಲುಡ್ವಿಗ್. ಮಂದ್ರ ಸ್ವರ ಜೋರಾದಷ್ಟೂ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಬಳುಕುತ್ತದೆ. ಅಗ್ಗದ ಪ್ಲೇಯರಿನ ಸೂಜಿ ಅಲ್ಲಿ ಹಾರಿಬಿಡುತ್ತದೆ. ಹಾರಿತು ಕೂಡ! ಕಂಪನಿ ಮಂದ್ರವನ್ನು ತಗ್ಗಿಸಿ ಹೊಸದಾಗಿ ಕೊರೆಸಿತು. ಹಾಡು ಅದೇ, ನಾದ ಬೇರೆ. ಮೊದಲ ಅಚ್ಚು ಬೇಕೆನ್ನುವವರು ಲೇಬಲ್ಲಿನ ಸುತ್ತ ಖಾಲಿ ಜಾಗದಲ್ಲಿ ಗೀಚಿದ 'ಆರ್‌ಎಲ್' ಅಕ್ಷರಗಳನ್ನು ಹುಡುಕುತ್ತಾರೆ.

2014ರ ಮರುಮುದ್ರಣದ ಮೇಲ್ವಿಚಾರಣೆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರದೇ. ಎರಡನ್ನೂ ಹೋಲಿಸುವುದಾದರೆ ಶಬ್ದಮಟ್ಟ ಒಂದೇ ಇರಲಿ. ತುಸು ಜೋರಾಗಿರುವುದನ್ನೇ ಕಿವಿ ಚೆಂದವೆಂದು ಬಗೆಯುತ್ತದೆ.